ಕಡಗ ಬಿಟ್ಟು ಎಷ್ಟು?

ಸಣ್ಣ ಮಕ್ಕಳು ಕಾಲಲ್ಲಿ ಕಡಗ ಹಾಕಿಕೊಂಡು ಓಡಿದರೆ ಸದ್ದು ಬರಬೇಕು. ಬರುತ್ತದೆಯೋ ಇಲ್ಲವೋ ಎಂದು ನಾನು ಈಗಲೂ ಕಿವಿಗೊಟ್ಟು ಕೇಳುತ್ತೇನೆ. ಮದುವೆ ಮನೆಯಾಗಲಿ, ಮಸ್ಕಿಯ ಬಸ್‌ಸ್ಟ್ಯಾಂಡಾಗಲಿ, ಯಾರದೋ ಕೂಸನ್ನು ನೋಡುತ್ತ ನಿಂತುಬಿಡುತ್ತೇನೆ. "ಅವ್ವಾ, ಮಂದಿ ಏನ್ ತಿಳ್ಕೊಂತಾರ, ಬಾ" ಎಂದು ನನ್ನ ಮಗ ಬೈಯುತ್ತಾನೆ. ಯಾಕೆ ನಿಲ್ಲುತ್ತೇನೆಂದು ಅವನಿಗೆ ಹೇಳಿಲ್ಲ. ಅವನ ವಾರಿಗೆಯ ಒಂದು ಹುಡುಗಿ ನಮ್ಮ ಓಣಿಯಲ್ಲಿ ಇದ್ದಳು ಎನ್ನುವುದೂ ಅವನಿಗೆ ನೆನಪಿಲ್ಲ.

ನಾನು ಸಂತೆಕಲ್ಲೂರಿನವಳು. ಮಳೆ ನಂಬಿದ ಸೀಮೆ. ಜೋಳ, ತೊಗರಿ, ಕಡಲೆ. ಎಂಬತ್ತರ ದಶಕದ ನಡುವಿನಲ್ಲಿ ನನ್ನನ್ನು ಬಳಗಾನೂರಿನ ಆಚೆ, ಕಾಲುವೆ ದಂಡೆಯ ಒಂದು ಊರಿಗೆ ಕೊಟ್ಟರು. "ನಮ್ಮ ಹುಡುಗಿ ದಿನಾ ಅನ್ನ ಉಣ್ಣೋ ಊರಿಗೆ ಹೊಂಟಾಳ" ಎಂದು ನನ್ನ ಚಿಕ್ಕಮ್ಮ ಓಣಿ ತುಂಬ ಹೇಳಿಕೊಂಡು ಬಂದಳು. ನಮ್ಮಲ್ಲಿ ಅನ್ನ ಎಂದರೆ ಹಬ್ಬ. ಬಸ್ಸಿನ ಕಿಟಕಿಯಲ್ಲಿ ಗದ್ದೆಯ ಮೇಲೆ ಗದ್ದೆ ಸರಿಯುವುದನ್ನು ನೋಡಿ, ಇಲ್ಲಿ ಹಸಿವು ಎನ್ನುವುದೇ ಇರಲಿಕ್ಕಿಲ್ಲ ಎಂದುಕೊಂಡೆ. ಆ ದಡ್ಡತನ ನನ್ನಿಂದ ಬಹಳ ದಿನ ಹೋಗಲಿಲ್ಲ.

ಮೆಟ್ರಿಕ್ ಪಾಸಾಗಿದ್ದೆನೆಂದು ಆ ಊರಿನ ಅಂಗನವಾಡಿ ನನಗೆ ಸಿಕ್ಕಿತು. ಲಿಂಗಸುಗೂರಿನಲ್ಲಿ ತರಬೇತಿ. ಅಲ್ಲಿ ಗೋಡೆಗೆ ಎರಡು ದೊಡ್ಡ ಚಿತ್ರ ತೂಗುಹಾಕಿದ್ದರು. ಒಂದರಲ್ಲಿ ಎಲುಬಿನ ಮೇಲೆ ಚರ್ಮ ಹೊದಿಸಿದಂಥ ಕೂಸು, ಇನ್ನೊಂದರಲ್ಲಿ ಮುಖ, ಕಾಲು ಬಾತುಕೊಂಡ ಕೂಸು. ಅವನ್ನು ನೋಡಿ ನಾವೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡೆವು. ಅವು ಪೋಷಣೆ ಕೊರತೆಯ ಕೊನೆಯ ದರ್ಜೆಯವು, ನಿಮ್ಮ ಊರಲ್ಲಿ ಹೆಚ್ಚು ಇರುವುದು ಮೊದಲನೇ, ಎರಡನೇ ದರ್ಜೆಯ ಮಕ್ಕಳು, ಅವು ಕಣ್ಣಿಗೆ ಕಾಣುವುದಿಲ್ಲ, ತೂಗಿದರೇ ತಿಳಿಯುವುದು ಎಂದು ಹೇಳಿಕೊಟ್ಟ ಟೀಚರಮ್ಮ ಎರಡೆರಡು ಸಲ ಹೇಳಿದರು. ನಾನು ಅದನ್ನು ಅಂದವಾಗಿ ಬರೆದುಕೊಂಡೆ. ನನ್ನ ಅಕ್ಷರ ಚೆಂದ.

ಊರಿಗೆ ಬಂದು ನಾನು ಹುಡುಕಿದ್ದು ಮಾತ್ರ ಆ ಚಿತ್ರದ ಮಕ್ಕಳನ್ನೇ. ಒಂದೂ ಸಿಗಲಿಲ್ಲ. ಎಷ್ಟು ನೆಮ್ಮದಿಯಾಯಿತೆಂದರೆ, ಮನೆಯಲ್ಲಿ ಕುಳಿತು ಚಹಾ ಕುಡಿಯುತ್ತ ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ.

ನಮ್ಮ ಓಣಿಯ ತುದಿಯಲ್ಲಿ ಒಂದು ಕೂಲಿ ಕುಟುಂಬವಿತ್ತು. ಗಂಡ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ, ವಾರಕ್ಕೊಮ್ಮೆ ಬರುವವನು. ಹೆಂಡತಿ ಬೆಳಗಾಗುವ ಮೊದಲೇ ನಾಟಿಗೋ ಕಳೆ ತೆಗೆಯಲಿಕ್ಕೋ ಗದ್ದೆಗೆ ಹೋಗುವವಳು. ಮನೆಯಲ್ಲಿ ಅತ್ತೆ ಮತ್ತು ಒಂದು ಹೆಣ್ಣು ಕೂಸು. ನನ್ನ ಮಗನೂ ಆ ಕೂಸೂ ಒಂದೇ ತಿಂಗಳಲ್ಲಿ ಹುಟ್ಟಿದ್ದು. ಅದಕ್ಕಿಂತ ಮೊದಲು ಆ ಮನೆಯಲ್ಲಿ ಎರಡು ಮಕ್ಕಳು ಹೋಗಿದ್ದವು. ಹಾಗಾಗಿ ಇದು ಉಳಿಯಲಿ ಎಂದು ಅಜ್ಜಿ ಹರಕೆ ಹೊತ್ತು, ನೇಗಿಲಿನ ಸವೆದ ಗುಳ ಒಯ್ದು ಕಮ್ಮಾರನ ಹತ್ತಿರ ಕಬ್ಬಿಣದ ಕಡಗ ಮಾಡಿಸಿ ಎರಡೂ ಕಾಲಿಗೆ ಹಾಕಿದ್ದಳು. ಐದು ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ಜೀವ ಹಗುರಾದರೆ ಹಾರಿಹೋಗುತ್ತದೆ, ಕಬ್ಬಿಣ ಹಿಡಿದಿಡುತ್ತದೆ ಎಂದು ಆಕೆಯ ನಂಬಿಕೆ.

ಮೊದಲ ಸಲ ತೂಗುವಾಗ ನಾನು ಕಾಯ್ದೆ ಹೇಳಿದೆ. "ಅಮ್ಮಾ, ಕಡಗ ತಗದು ತೂಗಬೇಕು" ಎಂದೆ.

"ತಗದ್ರ ಉಳಿಯಂಗಿಲ್ರೀ ಅಕ್ಕೋರೆ" ಎಂದಳು ಅಜ್ಜಿ, ಕೂಸನ್ನು ಎದೆಗೆ ಒತ್ತಿಕೊಂಡು. "ಬೇಕಂದ್ರ ತೂಗ್ರಿ, ಇಲ್ಲಂದ್ರ ನಾ ಹೊಕ್ಕೀನಿ."

ಹೋದರೆ ನನ್ನ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ. ಪ್ರತಿ ತಿಂಗಳೂ ಅದೇ ಕಡಗವಲ್ಲವೇ, ಏರಿತೋ ಇಳಿಯಿತೋ ತಿಳಿದರೆ ಸಾಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಗಿಲ ಚೌಕಟ್ಟಿಗೆ ಕಟ್ಟಿದ ತಕ್ಕಡಿಯ ಚಡ್ಡಿಯಂಥ ಜೋಲಿಯಲ್ಲಿ ಕೂಸನ್ನು ಕೂರಿಸಿದೆ. ಉಳಿದ ಮಕ್ಕಳು ಅದರಲ್ಲಿ ಕೂತರೆ ಊರು ಒಂದಾಗುವ ಹಾಗೆ ಚೀರುತ್ತಿದ್ದವು, ನನ್ನ ಮಗ ನನಗೇ ಒದೆಯುತ್ತಿದ್ದ. ಇದು ಸುಮ್ಮನೆ ತೂಗಾಡಿತು. ಕಡಗ ಸೇರಿಸಿಯೂ ಎರಡನೇ ದರ್ಜೆ. ಎರಡನೇ ದರ್ಜೆಯವರಿಗೆ ಮಧ್ಯಾಹ್ನದ ಗೋಧಿ ನುಚ್ಚಿನ ಉಪ್ಪಿಟ್ಟು ಒಂದು ಸೌಟು ಹೆಚ್ಚು ಹಾಕುವುದು, ವಾರಕ್ಕೊಮ್ಮೆ ಮನೆಗೆ ಹೋಗಿ ನೋಡುವುದು ಎಂದು ನಾನೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ಅದಕ್ಕೂ ಹಾಗೇ ಮಾಡಿದೆ.

ಮನೆಗೆ ಹೋದರೆ ಏನು ನೋಡುತ್ತೇನೆ? ಅಜ್ಜಿ ಕೂಸಿಗೆ ಮೂರು ಹೊತ್ತೂ ಉಣಿಸುತ್ತಿದ್ದಳು, ಸುಳ್ಳಲ್ಲ. ಮೆತ್ತಗಿನ ಅನ್ನ, ಅದರ ಮೇಲೆ ಗಂಜಿ ನೀರು, ಒಂದು ಹರಳು ಉಪ್ಪು. ಹೊಟ್ಟೆ ತುಂಬುತ್ತಿತ್ತು. ಬೇಳೆ ಕೊಡು ಎಂದರೆ "ಜಡ ಆಕ್ಕೈತ್ರಿ", ತತ್ತಿ ಕೊಡು ಎಂದರೆ "ಉಷ್ಣ ಆಕ್ಕೈತ್ರಿ". ಆ ಅಜ್ಜಿ ಸಣ್ಣವಳಿದ್ದಾಗ ಆ ಊರಲ್ಲೂ ಜೋಳ, ಹೆಸರು, ಅಲಸಂದಿ ಬೆಳೆಯುತ್ತಿದ್ದರಂತೆ. ಕಾಲುವೆ ಬಂದ ಮೇಲೆ ಎಲ್ಲೆಲ್ಲೂ ನೆಲ್ಲು. ಬಡವರು ದಿನಾ ಬೆಳ್ಳನ್ನ ಉಣ್ಣುವಂತಾಯಿತಲ್ಲ ಎಂದು ಆಕೆಗೆ ಹಿಗ್ಗು. ನನಗೂ ಒಳಗೊಳಗೆ ಅದೇ ಹಿಗ್ಗು ಇತ್ತು, ಹೀಗಾಗಿ ಜಗಳ ಮಾಡಲಿಲ್ಲ.

ಕೂಸು ಬಹಳ ಸಂಭಾವಿತ. ಕುಂದ್ರಿಸಿದಲ್ಲಿ ಕುಂದ್ರುತ್ತಿತ್ತು. ಅಂಗನವಾಡಿಯ ಚಾಪೆಯ ಮೇಲೆ ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನವೂ ಅಲ್ಲೇ, ಕಡಗದ ಸದ್ದೂ ಇಲ್ಲ. ಕೂದಲು ತೆಳ್ಳಗೆ, ಸ್ವಲ್ಪ ಕೆಂಪಗೆ, ಬಿಸಿಲಿಗೆ ಎಂದುಕೊಂಡೆ. ಗಿಡ್ಡಗಿತ್ತು, ಅಪ್ಪನೂ ಗಿಡ್ಡ ಎಂದುಕೊಂಡೆ. ನನ್ನ ಮಗ ಗಡಿಗೆ ಉರುಳಿಸಿ, ಬಳಪ ತಿಂದು, ನನ್ನ ಪ್ರಾಣ ತಿನ್ನುವಾಗ ನಾನು ಆ ಕೂಸನ್ನು ತೋರಿಸಿ ಬೈಯುತ್ತಿದ್ದೆ: "ಅಕಿನ್ನ ನೋಡಿ ಕಲಿ, ಎಷ್ಟು ಶಾಣ್ಯಾಕಿ ಅದಾಳ!" ಆ ಮಾತು ನನ್ನ ಬಾಯಲ್ಲಿ ಎಷ್ಟು ಸಲ ಬಂದಿದೆಯೋ. ಆಟ ಆಡಲು ತ್ರಾಣವಿಲ್ಲದ ಕೂಸನ್ನು ನಾನು ಎಲ್ಲರ ಮುಂದೆ ಹೊಗಳುತ್ತಿದ್ದೆ.

ಎರಡು ವರ್ಷ ತುಂಬುವ ಹೊತ್ತಿಗೆ ಅದಕ್ಕೆ ಭೇದಿ ಹತ್ತಿತು. ಎಂಟು ದಿನ ಬಂತು, ನಿಂತಿತು, ಮತ್ತೆ ಬಂತು. ಉಪ್ಪು ಸಕ್ಕರೆ ನೀರು ಕುಡಿಸಲು ನಾನೇ ಹೇಳಿಕೊಟ್ಟೆ, ಕುಡಿಸಿದರು, ಉಳಿಯಿತು. ದಡಾರದ ಸೂಜಿ ಹಾಕುವ ದಿನವೂ ಭೇದಿ ಇದ್ದದ್ದರಿಂದ ಅಜ್ಜಿ ಅದನ್ನು ಕರೆತರಲಿಲ್ಲ. ಮುಂದಿನ ತಿಂಗಳು ತೂಗಿದಾಗ ತಕ್ಕಡಿಯ ಮುಳ್ಳು ಎರಡು ಗೆರೆ ಮೇಲೇರಿತ್ತು. ಚಾರ್ಟಿನಲ್ಲಿ ಚುಕ್ಕೆ ಇಟ್ಟೆ. ಎರಡನೇ ದರ್ಜೆಯಿಂದ ಮೊದಲನೆಯದಕ್ಕೆ ಬಂದಿತ್ತು.

"ಅಮ್ಮಾ, ಏರೈತಿ ನೋಡ್ರಿ" ಎಂದು ಕೂಗಿ ಹೇಳಿದೆ. ಆ ದಿನ ಅಪರೂಪಕ್ಕೆ ತಾಯಿಯೂ ಬಂದಿದ್ದಳು. ಕೂಸನ್ನು ಕಂಕುಳಿಗೆ ಏರಿಸಿಕೊಂಡು ನನ್ನ ಮುಖವನ್ನೇ ನೋಡಿದಳು. ಏನೋ ಕೇಳುವವಳಂತೆ ಇದ್ದಳು, ಕೇಳಲಿಲ್ಲ.

ಕೂಸಿನ ಕಾಲಲ್ಲಿ ಎರಡನೇ ಜೊತೆ ಕಡಗ ಇತ್ತು. ಭೇದಿಯಾದಾಗ ಅಂಜಿದ ಅಜ್ಜಿ ಮತ್ತೆ ಕಮ್ಮಾರನ ಹತ್ತಿರ ಹೋಗಿ, ಮೊದಲಿನದಕ್ಕಿಂತ ದಪ್ಪನೆಯದು ಮಾಡಿಸಿದ್ದಳು. ಕಾಣಲಿಲ್ಲ ಎನ್ನುವಂತಿಲ್ಲ. ಕಂಡಿತ್ತು. "ಏನಮ್ಮಾ, ಕಮ್ಮಾರನ ಅಂಗಡೀನ ತಂದು ಹಾಕೀರಲ್ಲ" ಎಂದು ಚೇಷ್ಟೆಯನ್ನೂ ಮಾಡಿದೆ, ಹೆಂಗಸರೆಲ್ಲ ನಕ್ಕರು. ಆದರೂ ಆ ಎರಡು ಗೆರೆಗೂ ಆ ಎರಡು ಕಡಗಕ್ಕೂ ಸಂಬಂಧ ಉಂಟು ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಮರುದಿನ ಮೇಲ್ವಿಚಾರಕಿ ಬರುವವರಿದ್ದರು. ಒಂದು ಕೂಸು ದರ್ಜೆ ಏರಿದೆ ಎಂದು ತೋರಿಸುವ ಸಂಭ್ರಮದಲ್ಲಿದ್ದೆ. ಅವರು ಚಾರ್ಟ್ ನೋಡಿ ನನ್ನನ್ನು ಹೊಗಳಿದರು. ಹೆಚ್ಚಿನ ಸೌಟನ್ನು ಬೇರೆ ಕೂಸಿಗೆ ಕೊಟ್ಟೆ, ವಾರದ ಭೇಟಿಯನ್ನೂ ನಿಲ್ಲಿಸಿದೆ.

ಎರಡು ತಿಂಗಳ ನಂತರ ಓಣಿಯಲ್ಲಿ ದಡಾರ ಎದ್ದಿತು. ಮೈ ತುಂಬ ಕೆಂಪು ಗುಳ್ಳೆ, ಜ್ವರ, ಕೆಮ್ಮು. ನನ್ನ ಮಗನಿಗೂ ಬಂತು. ಸೂಜಿ ಹಾಕಿಸಿದ್ದರೂ ಬಂತು. ಹತ್ತು ದಿನಕ್ಕೆ ಎದ್ದು ಮತ್ತೆ ಗಡಿಗೆ ಉರುಳಿಸಿದ. ಆ ಕೂಸು ಏಳಲಿಲ್ಲ. ದೇವಿ ಬಂದಾಳೆ ಎಂದು ಬೇವಿನ ಸೊಪ್ಪು ಕಟ್ಟಿ, ಉಪ್ಪಿಲ್ಲದ ಗಂಜಿ ಕೊಟ್ಟು, ಏಳು ದಿನ ಯಾರನ್ನೂ ಒಳಗೆ ಬಿಡಲಿಲ್ಲ. ಎಂಟನೇ ದಿನ ಬೆಳಿಗ್ಗೆ ತಾಯಿ ಓಡುತ್ತ ನನ್ನ ಮನೆಗೆ ಬಂದಳು. ಹೋಗಿ ನೋಡಿದರೆ ಕೂಸಿನ ಪಕ್ಕೆ ಒಳಗೆ ಎಳೆಯುತ್ತಿತ್ತು, ಮೂಗಿನ ಹೊಳ್ಳೆಗಳು ಅಗಲವಾಗುತ್ತಿದ್ದವು. ಸಿಕ್ಕ ಬಸ್ಸು ಹತ್ತಿ ನಾವು ಮೂವರು ಹೆಂಗಸರು ಅದನ್ನು ಸಿಂಧನೂರಿಗೆ ಒಯ್ದೆವು.

ದವಾಖಾನೆಯಲ್ಲಿ ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, "ಎಷ್ಟು ತಿಂಗಳದ್ದಿದು? ಹನ್ನೆರಡಾ?" ಎಂದರು.

"ಎರಡು ವರ್ಷ ತುಂಬೈತ್ರಿ" ಎಂದೆ.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಔಷಧ ಎಷ್ಟು ಹಾಕಬೇಕೆಂದು ತಿಳಿಯಲು ತೂಕ ಕೇಳಿದರು. ನಾನು ಅಂಗನವಾಡಿಯವಳು, ಬಾಯಿಪಾಠ. ನನ್ನ ಚಾರ್ಟಿನ ತೂಕವನ್ನು ಗಟ್ಟಿ ದನಿಯಲ್ಲಿ ಹೇಳಿದೆ. ನರ್ಸಮ್ಮ ಕೂಸಿನ ಕೈಯಲ್ಲಿ ನರ ಹುಡುಕಿದರು, ಸಿಗಲಿಲ್ಲ. "ಕಾಲಿಗೆ ಸೂಜಿ ಹಾಕಬೇಕು, ಇವನ್ನ ತಗೀರಿ" ಎಂದರು. ಅಜ್ಜಿ ಕಾಲು ಹಿಡಿದುಕೊಂಡು ಅತ್ತಳು. ನಾನೇ ಆಕೆಯ ಕೈ ಬಿಡಿಸಿ ನಾಲ್ಕೂ ಕಡಗ ತೆಗೆದೆ. ಕಷ್ಟವಾಗಲೇ ಇಲ್ಲ, ಹಿಮ್ಮಡಿ ದಾಟಿ ತಾವೇ ಜಾರಿ ಬಂದವು. ಆಮೇಲೆ ನರ್ಸಮ್ಮ ಕೂಸನ್ನು ತಮ್ಮ ತಕ್ಕಡಿಯಲ್ಲಿಟ್ಟು ಒಂದು ತೂಕ ಹೇಳಿದರು. ನಾನು ಹೇಳಿದ್ದಕ್ಕಿಂತ ನಾಲ್ಕು ಗೆರೆ ಕೆಳಗೆ.

ಕಡಗಗಳು ನನ್ನ ಕೈಯಲ್ಲಿದ್ದವು. ಅವುಗಳ ಭಾರ ಗೊತ್ತಾಗುತ್ತಿತ್ತು. ಕೂಸು ಏರಿರಲಿಲ್ಲ, ಎಷ್ಟೋ ತಿಂಗಳಿಂದ ಏರಿರಲೇ ಇಲ್ಲ. ಅಂಜಿದಷ್ಟೂ ಅವರು ಕಬ್ಬಿಣ ಹಾಕಿದ್ದರು, ಅವರು ಹಾಕಿದಷ್ಟೂ ನಾನು ಚುಕ್ಕೆಯನ್ನು ಮೇಲೆ ಇಟ್ಟಿದ್ದೆ.

ಮರುದಿನ ಮಧ್ಯಾಹ್ನ ಕೂಸು ಹೋಯಿತು. ಕಾಗದದಲ್ಲಿ ದಡಾರ, ನ್ಯುಮೋನಿಯಾ ಎಂದು ಬರೆದರು. ನನ್ನ ರಜಿಸ್ಟರಿನಲ್ಲಿ ನಾನೂ ಅದನ್ನೇ ಬರೆದೆ. ದಡಾರ ನನ್ನ ಮಗನಿಗೂ ಬಂದಿತ್ತಲ್ಲ, ಅವನು ಯಾಕೆ ಉಳಿದ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

"ಕಡಗ ತಗದ್ರಿ, ಅದಕ್ಕ ಹೋತು" ಎಂದಳು ಅಜ್ಜಿ, ಬಸ್ಸಿನಲ್ಲಿ, ನನ್ನ ಕಡೆ ನೋಡದೆ. ಆಮೇಲೆ ಎರಡು ವರ್ಷ ನನ್ನ ಕೂಡ ಮಾತಾಡಲಿಲ್ಲ. ಬೈಸಿಕೊಳ್ಳುವುದೇ ನನಗೆ ಹಗುರವೆನಿಸಿತ್ತು. ನಾನು ತೆಗೆದದ್ದು ತಡವಾಗಿ ಎಂದು ಆಕೆಗೆ ಹೇಳುವ ಧೈರ್ಯ ನನಗಿರಲಿಲ್ಲ. ಚಾರ್ಟನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟೆ. ಒಮ್ಮೊಮ್ಮೆ ತೆಗೆದು, ಪೆನ್ಸಿಲಿನಲ್ಲಿ ನಿಜವಾದ ಗೆರೆ ಎಳೆದು ನೋಡಿ, ಅಳಿಸುತ್ತಿದ್ದೆ. ಆ ಜಾಗದಲ್ಲಿ ಕಾಗದ ಸವೆದು ತೆಳ್ಳಗಾಯಿತು.

ತೊಂಬತ್ತರ ಮೊದಲ ವರ್ಷಗಳಲ್ಲಿ ಆ ಮನೆಯಲ್ಲಿ ಇನ್ನೊಂದು ಹೆಣ್ಣು ಹುಟ್ಟಿತು. ಒಂದು ವರ್ಷದವರೆಗೆ ಅದನ್ನು ಅಂಗನವಾಡಿ ಕಡೆ ತರಲೇ ಇಲ್ಲ. ಒಂದು ದಿನ, ಎಲ್ಲರೂ ಹೋದ ಮೇಲೆ, ತಾಯಿ ಒಬ್ಬಳೇ ಕೂಸನ್ನು ಎತ್ತಿಕೊಂಡು ಬಂದಳು. ಗದ್ದೆಯಿಂದ ನೇರ ಬಂದಿದ್ದಳು, ಕಾಲು ಮೊಣಕಾಲಿನವರೆಗೂ ಕೆಸರು. ಕೂಸಿನ ಕಾಲಲ್ಲಿ ಹೊಸ ಕಬ್ಬಿಣದ ಕಡಗ. ಆಕೆ ನೆಲದ ಮೇಲೆ ಕುಳಿತು, ತಾನೇ ಒಂದೊಂದಾಗಿ ಕಡಗ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ತೂಗ್ರಿ ಅಕ್ಕೋರೆ. ಅತ್ತಿ ಮುಂದ ಹೇಳಿಲ್ಲ."

ತೂಗಿದೆ. ಕೂಸು ಒದ್ದಾಡಿ ಚೀರಿತು, ಅದು ಚೀರಿದ್ದಕ್ಕೆ ನನಗೆ ಸಮಾಧಾನವಾಯಿತು. "ಕಡಿಮಿ ಐತವ್ವಾ" ಎಂದೆ, "ಎರಡನೇ ದರ್ಜೆ. ಬೇಳಿ, ತತ್ತಿ ಕೊಡಬೇಕು. ಹೆಚ್ಚಿನ ಪಾಲು ನಾ ಕೊಡ್ತೀನಿ, ದಿನಾ ಕರ್ಕೊಂಡು ಬಾ."

ಆಕೆ ತಲೆ ಅಲ್ಲಾಡಿಸಿದಳು. ಮಡಿಲಲ್ಲಿದ್ದ ಕಡಗಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಮೇಲೆತ್ತಿ, ಇಳಿಸಿದಳು. ಆಮೇಲೆ ಕೇಳಿದಳು.

"ಮೊದಲಿನಾಕಿ ಕಡಗ ಬಿಟ್ಟು ಎಷ್ಟಿದ್ಲು?"

ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ. ಪೆಟ್ಟಿಗೆ ತೆರೆಯುವ ಅವಶ್ಯಕತೆ ಇರಲಿಲ್ಲ. ಹೇಳಿದೆ.

"ನಂಗ ಗೊತ್ತಿತ್ರಿ" ಎಂದಳು ಆಕೆ, ಸಿಟ್ಟಿಲ್ಲದೆ. "ದಿನಾ ಸಂಜೀಕ ಬಂದು ಎತ್ತಿಕೊಂಡಾಗ ಹಗುರ ಆಗ್ಯಾಳ ಅನಸ್ತಿತ್ತು. ನೀವು ಏರೈತಿ ಅಂದ್ರಿ. ಓದಿದವರು ಹೇಳಾಕತ್ತಾರ, ನನ್ನ ಕೈಯೇ ಸುಳ್ಳು ಇರಬೇಕು ಅನಕೊಂಡೆ."