ಕೈ ಎತ್ತಿ ಬರೀರಿ

ಬೇಕರಿಯ ಮೇಲಿನ ಮಹಡಿಯಲ್ಲಿ ಶಾರ್ಟ್‌ಹ್ಯಾಂಡ್ ಕ್ಲಾಸ್ ನಡೆಸುತ್ತಿದ್ದ ಹೆಂಗಸನ್ನು ಇಡೀ ಬೀದಿ ಟೀಚರಮ್ಮ ಎಂದೇ ಕರೆಯುತ್ತಿತ್ತು. ಇಪ್ಪತ್ತು ವರ್ಷ ಅವರು ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು: ಪೆನ್ಸಿಲ್ ಕಾಗದದಿಂದ ಮೇಲೇಳಕೂಡದು. "ಕೈ ಎತ್ತಿದ್ರೋ, ಅಷ್ಟೊತ್ತಿಗೆ ಸಾಹೇಬ್ರು ಮುಂದಿನ ಮಾತಿಗೆ ಹೋಗಿರ್ತಾರೆ," ಎಂದು ಬೆಂಚುಗಳ ನಡುವೆ ಓಡಾಡುತ್ತ ಎಚ್ಚರಿಸುತ್ತಿದ್ದರು. ಆಮೇಲೆ ಆಫೀಸುಗಳಿಗೆ ಕಂಪ್ಯೂಟರ್ ಬಂತು, ಸಾಹೇಬರುಗಳು ತಾವೇ ಟೈಪ್ ಮಾಡಲು ಕಲಿತರು. ಕ್ಲಾಸಿನಲ್ಲಿ ಉಳಿದ ಇಬ್ಬರು ಹುಡುಗಿಯರೂ ಕೆಳಗಿನ ಬಿಸಿ ಬ್ರೆಡ್ಡಿನ ವಾಸನೆಗೇ ಬರುತ್ತಿದ್ದಾರೇನೋ ಎಂದು ಅವರಿಗೆ ಅನುಮಾನ.

ಅಂಥ ಒಂದು ಮಧ್ಯಾಹ್ನ ತಮ್ಮ ಬಂದ. ಅವನು ಔಷಧಿ ಕಂಪನಿಯೊಂದರಲ್ಲಿ ಮ್ಯಾನೇಜರ್. ಸೋಪಿನ ಡಬ್ಬಿಯಷ್ಟು ದೊಡ್ಡದಾದ ಬೂದುಬಣ್ಣದ ವಸ್ತುವೊಂದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಇದಕ್ಕೆ ಆರ್ಗನೈಸರ್ ಅಂತಾರೆ ಅಕ್ಕ. ಡೈರಿ, ಫೋನ್ ನಂಬರು, ಮಾಡಬೇಕಾದ ಕೆಲಸ, ಎಲ್ಲ ಇದರೊಳಗೆ. ಈ ಕಡ್ಡೀಲಿ ಗಾಜಿನ ಮೇಲೆ ಬರೀಬೇಕು. ಡಾಕ್ಟ್ರುಗಳ ಹತ್ರ ಓಡಾಡೋ ನಮ್ಮ ರೆಪ್‌ಗಳಿಗೆಲ್ಲ ಒಂದೊಂದು ತರಿಸಿಕೊಟ್ವಿ. ಎಲ್ಲ ಡ್ರಾಯರ್‌ನಲ್ಲಿ ನಿದ್ದೆ ಹೊಡೀತಿವೆ."

"ಯಾಕೋ?"

"ಇದಕ್ಕೆ ಇದರದ್ದೇ ಅಕ್ಷರ. 'ಎ'ಗೆ ಅಡ್ಡಗೆರೆ ಇಲ್ಲ, ಬರೀ ಛಾವಣಿ ಥರ ಎರಡು ಓರೆಗೆರೆ. ಒಂದಕ್ಷರಕ್ಕೆ ಒಂದೇ ಗೀಟು. ಅವರು ಬರೆಯೋದೊಂದು, ಇದು ತಗೊಳ್ಳೋದೊಂದು. ಗೀಟು ಎಳೆಯೋದನ್ನ ಕಲಿಸೋರು ನಿನ್ನ ಬಿಟ್ರೆ ನಂಗ್ಯಾರು ಗೊತ್ತು?"

ಟೀಚರಮ್ಮ ಉಬ್ಬಿಹೋದರು. ಆ ಉಬ್ಬು ಸಂಜೆಯವರೆಗೂ ಉಳಿಯಲಿಲ್ಲ. ಕೈ ಹಳೇ ಚಾಳಿ ಬಿಡದೆ, ಒಂದಕ್ಷರ ಮುಗಿಯುವ ಮೊದಲೇ ಇನ್ನೊಂದಕ್ಕೆ ಜಾರುತ್ತಿತ್ತು. ಯಂತ್ರಕ್ಕೆ ಬೇಕಾದದ್ದು ಅದರ ತದ್ವಿರುದ್ಧ. ಪ್ರತಿ ಅಕ್ಷರವಾದ ಮೇಲೂ ಕಡ್ಡಿ ಮೇಲೇಳಬೇಕು. ತಮ್ಮದೇ ಹೆಸರು ಬರೆದರೆ ಒಂದು ಸೊನ್ನೆ, ಎರಡು ಚುಕ್ಕಿ, ಒಂದು ಪ್ರಶ್ನಾರ್ಥಕ ಚಿಹ್ನೆ ಮೂಡಿದವು. ವಿದ್ಯಾರ್ಥಿಗಳ ಬೆಂಚಿನಲ್ಲಿ ತಾವೇ ಕೂತು, "ಎತ್ತು, ಎತ್ತು!" ಎಂದು ತಮ್ಮ ಕೈಯನ್ನೇ ಗದರಿಸಿಕೊಳ್ಳುತ್ತ ಅಂತೂ ಕಲಿತರು.

ಕಂಪನಿಯ ಮೀಟಿಂಗ್ ರೂಮಿನಲ್ಲಿ ಪಾಠ ಶುರುವಾಯಿತು. "ಕೈ ಎತ್ತಿ ಬರೀರಿ," ಎಂದಾಗ ಟೈ ಕಟ್ಟಿದ ಇಬ್ಬರು ರೆಪ್‌ಗಳು ಪಾಪ, ನಿಜವಾಗಿಯೇ ಕೈ ಮೇಲೆತ್ತಿದರು.

ಕಂಪ್ಯೂಟರಿನ ಪಕ್ಕ ಪುಟ್ಟದೊಂದು ಪ್ಲಾಸ್ಟಿಕ್ ಪೀಠವಿತ್ತು. ಟೀಚರಮ್ಮ ಅದನ್ನು ತೊಟ್ಟಿಲು ಎಂದರು. ಆರ್ಗನೈಸರನ್ನು ಅದರಲ್ಲಿ ಕೂರಿಸಿ ಗುಂಡಿ ಒತ್ತಿದರೆ, ಕಂಪ್ಯೂಟರಿನಲ್ಲಿದ್ದ ಅದರ ಜೊತೆಗಾರ ಸಾಫ್ಟ್‌ವೇರ್ ಎರಡರ ಮಾಹಿತಿಯನ್ನೂ ತಾಳೆ ಹಾಕಿ, ಇಲ್ಲಿಯದನ್ನು ಅಲ್ಲಿಗೂ ಅಲ್ಲಿಯದನ್ನು ಇಲ್ಲಿಗೂ ಸೇರಿಸುತ್ತಿತ್ತು. ಸಂಜೆಯಾದರೆ ಆಫೀಸಿನಲ್ಲಿ "ತೊಟ್ಟಿಲಿಗೆ ಹಾಕಿದ್ರಾ?" ಎಂಬ ಮಾತೇ ಮಾತು. ಹೊಸದಾಗಿ ಸೇರಿದ ರಿಸೆಪ್ಷನಿಸ್ಟ್, "ಎಲ್ಲರ ಮನೇಲೂ ಒಟ್ಟಿಗೇ ಮಗು ಆಯ್ತಾ?" ಎಂದು ಕೇಳಿದ್ದಳಂತೆ.

ರೆಪ್‌ಗಳಲ್ಲೆಲ್ಲ ಹಿರಿಯರನ್ನು ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು. ಬಹಳ ದಿನ ಕೊಸರಾಡಿ, ಕೊನೆಗೂ ತಮ್ಮ ದಪ್ಪ ಡೈರಿಯನ್ನು ಮನೆಯಲ್ಲೇ ಬಿಟ್ಟುಬರಲು ಒಪ್ಪಿದ್ದರು. ಎಡವಟ್ಟಾದದ್ದು ಅವರ ವಿಷಯದಲ್ಲೇ. ಅವರ ಕಂಪ್ಯೂಟರ್ ಕೆಟ್ಟು ಮೀಟಿಂಗ್ ರೂಮಿನದನ್ನು ಕೊಟ್ಟಾಗ ಟೀಚರಮ್ಮನೇ ಸಾಫ್ಟ್‌ವೇರ್ ಜೋಡಿಸಿದರು. ಯಾವುದನ್ನು ಉಳಿಸಿಕೊಳ್ಳಲಿ, ಕಂಪ್ಯೂಟರಿನದೋ ಆರ್ಗನೈಸರಿನದೋ ಎಂದು ಅದು ಕೇಳಿತು. ಅವರು ಕಂಪ್ಯೂಟರಿನದು ಎಂದು ಒತ್ತಿಬಿಟ್ಟರು. ಅದರಲ್ಲಿದ್ದದ್ದು ಮೊದಲ ಪಾಠದ ದಿನಗಳ ಹಳೇ ನಕಲು.

"ಮೇಡಂ, ನನ್ನ ಡಾಕ್ಟ್ರುಗಳು ಎಲ್ಲಿ?" ಎಂದರು ಯಜಮಾನ್ರು, ಪರದೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ.

ಟೀಚರಮ್ಮ ಪರದೆ ನೋಡಿ ಒಪ್ಪಿಕೊಂಡರು. "ತಪ್ಪು ನಂದೇ. ನೀವು ಹೊಸದಾಗಿ ಬರೆದಿದ್ದೆಲ್ಲ ಅಳಿಸಿಹೋಯ್ತು. ವಾಪಸ್ ತರೋಕೆ ನಂಗೆ ದಾರಿ ಗೊತ್ತಿಲ್ಲ."

ಯಜಮಾನ್ರು ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ ಕೂತರು. "ಸರಿ, ಬರ್ಕೊಳ್ಳಿ. ಸಿಗ್ನಲ್ ದಾಟಿದ್ರೆ ಮಕ್ಕಳ ಡಾಕ್ಟ್ರು, ಮಂಗಳವಾರ ಸಿಗಲ್ಲ. ಅವರ ಎದುರಿಗೆ ಕಣ್ಣಿನೋರು, ಸ್ಯಾಂಪಲ್ ಕೊಡ್ತೀನಿ ಅಂದಿದ್ದೆ. ಈಯಪ್ಪಂಗೆ ನಗೋಕೇ ಬರಲ್ಲ. ಅಲ್ಲಿಂದ ಎಡಕ್ಕೆ..."

ಬೀದಿ ಬೀದಿ ಸುತ್ತಿ ಬರುತ್ತಿದ್ದ ಆ ಮಾತಿನ ಓಟಕ್ಕೆ ಕಡ್ಡಿ ಸೋತಿತು. ಟೀಚರಮ್ಮ ಅದನ್ನು ಬದಿಗಿಟ್ಟು, ಚೀಲದಿಂದ ಪೆನ್ಸಿಲ್ ತೆಗೆದರು. ಯಜಮಾನ್ರು ಕಣ್ಣು ತೆರೆದಾಗ ಮೂರು ಹಾಳೆ ಶಾರ್ಟ್‌ಹ್ಯಾಂಡ್‌ನಿಂದ ತುಂಬಿತ್ತು. ಟೀಚರಮ್ಮ ಮೊದಲಿನಿಂದ ಓದಿಹೇಳಿದರು.

"ನಗೋಕೇ ಬರಲ್ಲ ಅಂದಿದ್ದನ್ನೂ ಬರೆದಿದೀರಲ್ಲ!"

"ನೀವು ಹೇಳಿದ್ರಿ, ನಾನು ಬರ್ಕೊಂಡೆ."

ಯಜಮಾನ್ರು ಹೊಟ್ಟೆ ಹಿಡಿದು ನಕ್ಕರು. ಇಬ್ಬರೂ ಕೂತು ಅದನ್ನೆಲ್ಲ ಮತ್ತೆ ಕಂಪ್ಯೂಟರಿಗೆ ಏರಿಸಿದರು. ಮರುದಿನ ಟೀಚರಮ್ಮ ಪಾಠ ಶುರುಮಾಡಿದ್ದೇ ತಮ್ಮ ತಪ್ಪಿನಿಂದ. ಆ ಪ್ರಶ್ನೆ ಬಂದಾಗ ಯೋಚಿಸದೆ ಒತ್ತಬೇಡಿ ಎಂದು ಒಬ್ಬೊಬ್ಬರಿಗೂ ತೋರಿಸಿಕೊಟ್ಟರು. ಶನಿವಾರ ಯಜಮಾನ್ರು ಬೇಕರಿಯ ಮೆಟ್ಟಿಲು ಹತ್ತಿ ಬಂದು, ಶಾರ್ಟ್‌ಹ್ಯಾಂಡ್ ಕಲಿಸಿ ಎಂದರು. "ಡಾಕ್ಟ್ರ ಬಗ್ಗೆ ಬರೆದಿದ್ದು ಡಾಕ್ಟ್ರಿಗೆ ಅರ್ಥ ಆಗಬಾರದು ನೋಡಿ."

ಕೆಲವು ವರ್ಷಗಳಲ್ಲಿ ಆರ್ಗನೈಸರಿನ ಕೆಲಸವನ್ನೆಲ್ಲ ಫೋನುಗಳೇ ಮಾಡತೊಡಗಿದವು. ವಿಷಯ ಹೇಳಲು ಬಂದ ತಮ್ಮ ಅದೂ ಇದೂ ಮಾತಾಡುತ್ತ ಕೂತ.

"ಕ್ಲಾಸ್ ಬೇಡ ಅಂತ ತಾನೇ? ಹೇಳೋಕೆ ಯಾಕಿಷ್ಟು ಒದ್ದಾಟ?" ಎಂದರು ಟೀಚರಮ್ಮ. "ಶಾರ್ಟ್‌ಹ್ಯಾಂಡ್ ಹೋದಾಗ ಒಂದ್ಸಲ ನೋಡಿದೀನಿ. ಈ ಸಲ ಹೆದರಿಕೆ ಆಗ್ತಿಲ್ಲ ಕಣೋ."

"ಕ್ಲಾಸ್ ಬೇಡ. ನೀನು ಬೇಕು ಅಂತಿದಾರೆ ಅಕ್ಕ."

ರೆಪ್‌ಗಳೆಲ್ಲರ ಓಡಾಟವನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಕೆಲಸ, ಕಿಟಕಿ ಪಕ್ಕದ ಮೇಜು. ಟೀಚರಮ್ಮ ಎರಡು ದಿನ ಯೋಚಿಸಿ ಒಪ್ಪಿದರು, ಮಹಡಿಯ ಕೋಣೆಯನ್ನು ಬಿಟ್ಟುಕೊಟ್ಟರು. ನಿವೃತ್ತಿಯವರೆಗೂ ಆ ಕಂಪನಿಯಲ್ಲೇ ಇದ್ದರು. ಬೆಳಿಗ್ಗೆ ಬಂದ ರೆಪ್‌ಗಳು ಮೊದಲು ಅವರ ಮೇಜಿನ ಹತ್ತಿರ ನಿಂತು, "ಇವತ್ತು ನಂದೆಲ್ಲಿ ಮೇಡಂ?" ಎಂದು ಕೇಳಿಕೊಂಡೇ ಹೊರಗೆ ಹೆಜ್ಜೆ ಇಡುತ್ತಿದ್ದರು.