ತಾಂಡೇಲರು ಹಿಂದಕ್ಕೆ ತಂದ ಗಾಡಿ

ಕಳೆದ ತಿಂಗಳು ಕಾರವಾರದ ಗ್ಯಾರೇಜೊಂದರಲ್ಲಿ ಬ್ರೇಕ್ ರಿಪೇರಿಗೆಂದು ಕಾಯುತ್ತ ಕುಳಿತಿದ್ದೆ. ಮೂಲೆಯಲ್ಲಿ ಯಾರದೋ ಹಳೆಯ ಜೀಪು ಬೆಳಗಿನಿಂದ ಬಿಸಿಲಿಗೆ ನಿಂತಿತ್ತು. ಮೆಕ್ಯಾನಿಕ್ ಅದರ ಬಾಗಿಲು ತೆರೆದದ್ದೇ ತಡ, ಕಾದ ರೆಕ್ಸಿನ್ ಸೀಟಿನ ವಾಸನೆ ನಾನಿದ್ದಲ್ಲಿಗೆ ಬಂತು. ಅದರ ಜೊತೆ ಒಂದಿಷ್ಟು ಪೆಟ್ರೋಲು, ಒಂದಿಷ್ಟು ಮುಗ್ಗಲು. ನಾನು ಎದ್ದು ಹೊರಗೆ ಹೋಗಿ ರಸ್ತೆಯ ಬದಿಗೆ ನಿಂತೆ. ಸೆಖೆಯಾಯಿತೇನೋ ಎಂದು ಮೆಕ್ಯಾನಿಕ್ ಅಂದುಕೊಂಡಿರಬೇಕು. ಆ ವಾಸನೆ ಬಂದಾಗಲೆಲ್ಲ ನನಗೆ ತಾಂಡೇಲರು ನೆನಪಾಗುತ್ತಾರೆ. ಅವರು ತೀರಿಕೊಂಡು ವರ್ಷವಾಗುತ್ತ ಬಂತು.

ಮೀನಿಗೆ ಹೋಗುವ ದೋಣಿಯನ್ನು ನಡೆಸುವ ಮುಖ್ಯಸ್ಥನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಅವರು ಅಂಕೋಲೆಗೆ ತಾಗಿದ ಕೇಣಿಯವರು. ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಕೇರಿಯ ಮಕ್ಕಳಿಗೂ ಅವರು ತಾಂಡೇಲರೇ. ಎಂಟು ವರ್ಷದ ಹಿಂದೆ ಅವರು ನನ್ನಿಂದ ಒಂದು ಹಳೆಯ ಅಂಬಾಸಿಡರ್ ಕೊಂಡರು. ಹತ್ತೇ ದಿನಕ್ಕೆ ಅದನ್ನು ಹಿಂದಕ್ಕೆ ಕೊಡಲು ಬಂದರು. ಆ ದಿನ ನಾನು ಅವರಿಗೆ ಹೇಳಿದ ಮಾತನ್ನು ಇದುವರೆಗೆ ಮನೆಯಲ್ಲಿಯೂ ಹೇಳಿಲ್ಲ.

ಗಾಡಿ ನನ್ನ ಅಪ್ಪನದು. ಅಪ್ಪ ಅಂಕೋಲೆಯಲ್ಲಿ ವಕೀಲರಾಗಿದ್ದರು. ಊರಿನಲ್ಲಿ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲಿ ಕೊಂಡಿದ್ದ ಬಿಳಿಯ ಅಂಬಾಸಿಡರ್ ಅದು. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ. 'ವಕೀಲರ ಗಾಡಿ' ಎಂದರೆ ಬಂಡಿಬಜಾರಿನಲ್ಲಿ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಅಪ್ಪ ಹೋದ ಮೇಲೆ ಅದನ್ನು ನಾನು ಶಿರವಾಡದ ನನ್ನ ಮನೆಗೆ ತಂದೆ. ಆಗ ನಾನು ಕಾರವಾರದಲ್ಲಿ ಸರ್ಕಾರಿ ನೌಕರಿಯಲ್ಲಿದ್ದೆ. ಭಾನುವಾರಗಳಂದು ಅದನ್ನು ತೊಳೆದು, ಒರೆಸಿ, ಕಾಳಿ ಸೇತುವೆಯವರೆಗೆ ಒಂದು ಸುತ್ತು ಹೊಡೆಯುತ್ತಿದ್ದೆ. ಆದರೆ ಸಮುದ್ರದ ಗಾಳಿಗೆ ಕಬ್ಬಿಣ ತಡೆಯುವುದಿಲ್ಲ. ಪ್ರತಿ ಮಳೆಗಾಲ ಮುಗಿದಾಗ ಒಂದು ಕಡೆ ತುಕ್ಕು ಕೆರೆಸಿ ಬಣ್ಣ ಹಾಕಿಸಬೇಕಿತ್ತು. ಹೊಸ ಕಾರು ಬುಕ್ ಮಾಡಿದಾಗ ಇದನ್ನು ನಿಲ್ಲಿಸಲು ಜಾಗವೂ ಇಲ್ಲವಾಯಿತು. ಆಸೆಪಟ್ಟು ಇಟ್ಟುಕೊಳ್ಳುವವರು ಸಿಕ್ಕರೆ ಕೊಡುತ್ತೇನೆಂದು ಆಫೀಸಿನಲ್ಲಿ ಹೇಳಿದ್ದೆ. ನಮ್ಮ ಜವಾನ ಕೇಣಿಯವನು. ತಾಂಡೇಲರನ್ನು ಕರೆತಂದದ್ದು ಅವನೇ.

ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಅರವತ್ತರ ಹತ್ತಿರದ ವಯಸ್ಸು, ಎತ್ತರದ ಆಳು. ಗಾಡಿಯ ಸುತ್ತ ಎರಡು ಸಲ ನಡೆದು, ದೋಣಿಯ ಹಲಗೆ ನೋಡುವವರ ಹಾಗೆ ಬಾಗಿಲುಗಳ ಕೆಳಗೆ ಕೈಯಾಡಿಸಿದರು. ತುಕ್ಕು ಎಲ್ಲೆಲ್ಲಿ ಇದೆ ಎಂದು ನಾನು ತೋರಿಸುವ ಮೊದಲೇ ಅವರ ಬೆರಳಿಗೆ ಸಿಕ್ಕಿತ್ತು. ಅದಕ್ಕೆ ಏನೂ ಅನ್ನಲಿಲ್ಲ. ಬೆಲೆಯಲ್ಲಿಯೂ ಚೌಕಾಸಿ ಮಾಡಲಿಲ್ಲ. ಹಿಂದೊಮ್ಮೆ ಮೀನಿನ ಟೆಂಪೋ ನಡೆಸಿದ್ದರಂತೆ, ಗಾಡಿ ಹೊಡೆಯಲು ಬರುತ್ತಿತ್ತು.

ಇಷ್ಟು ಹಳೆಯ ಗಾಡಿ ಯಾಕೆ, ಇದೇ ಹಣಕ್ಕೆ ಇದಕ್ಕಿಂತ ಹೊಸದು ಸಿಗುತ್ತದಲ್ಲ ಎಂದು ನಾನೇ ಕೇಳಿದೆ. ಅವರು ಸ್ವಲ್ಪ ನಾಚಿಕೊಂಡರು. ಮದುವೆಯಾದ ಹೊಸದರಲ್ಲಿ ವಕೀಲರ ಗಾಡಿ ಊರೊಳಗೆ ಹೋಗುವುದನ್ನು ಕಂಡು, ಒಂದು ದಿನ ಇಂಥದರಲ್ಲೇ ನಿನ್ನನ್ನು ಕೂರಿಸುತ್ತೇನೆ ಎಂದು ಹೆಂಡತಿಗೆ ಹೇಳಿದ್ದರಂತೆ. ಹೆಂಡತಿ ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವರು.

"ಇಂಥದೇ ಅಂತ ಹೇಳಿದ್ದೆ. ಈಗ ಅದೇ ಸಿಕ್ತದೆ ಅಂದ್ರೆ ಬಿಡೂದು ಹೆಂಗೆ ಸಾಯ್ಬ್ರೇ," ಎಂದರು.

ಆ ಮಾತು ಕೇಳಿ ನನಗೆ ಖುಷಿಯಾಯಿತು. ಅಪ್ಪನ ಗಾಡಿ ಸರಿಯಾದ ಕೈಗೆ ಹೋಯಿತು ಎಂದು ಊಟಕ್ಕೆ ಕುಳಿತಾಗ ಹೆಂಡತಿಯ ಹತ್ತಿರ ಹೇಳಿಕೊಂಡೆ. ತಾಂಡೇಲರ ಹೆಂಡತಿ ಯಾರು, ಎಲ್ಲಿ ಮೀನು ಮಾರುತ್ತಿದ್ದರು, ಇದನ್ನೆಲ್ಲ ಕೇಳಬೇಕೆಂದು ನನಗೆ ಅನ್ನಿಸಿರಲಿಲ್ಲ…

ಹತ್ತು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ಗೇಟಿನ ಹೊರಗೆ ಪರಿಚಯದ ಎಂಜಿನ್ ಸದ್ದು ಕೇಳಿತು. ತಾಂಡೇಲರು ಒಬ್ಬರೇ ಬಂದಿದ್ದರು. ಪೂಜೆ ಮಾಡಿದ ಅರಿಶಿನ ಕುಂಕುಮ ಬಾನೆಟ್ಟಿನ ಮೇಲೆ ಹಾಗೇ ಇತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಗೇಟಿನ ಹತ್ತಿರವೇ ನಿಂತು, ಗಾಡಿ ನೀವೇ ಇಟ್ಟುಕೊಳ್ಳಿ, ಮನೆಯವಳು ಹತ್ತಲು ಒಪ್ಪುತ್ತಿಲ್ಲ ಎಂದರು.

ಹಳೆಯ ಗಾಡಿ ಕೊಂಡವರಿಗೆ ನಾಲ್ಕು ದಿನದಲ್ಲಿ ಪಶ್ಚಾತ್ತಾಪ ಶುರುವಾಗುತ್ತದೆ ಎಂದು ನಾನು ಕೇಳಿದ್ದೆ. ಪೆಟ್ರೋಲು ಕುಡಿಯುತ್ತದೆ, ಮನೆಯವರು ಬೈಯುತ್ತಾರೆ, ಬಿಡಿಭಾಗ ಸಿಗುವುದಿಲ್ಲ. ಇದೂ ಅದೇ ಎಂದುಕೊಂಡು, ಸಿದ್ಧವಾಗಿದ್ದ ಮಾತುಗಳನ್ನು ಆಡಿದೆ. ನೀವು ನೋಡಿಯೇ ತೆಗೆದುಕೊಂಡಿರಿ, ನಾನು ಏನನ್ನೂ ಮುಚ್ಚಿಟ್ಟಿಲ್ಲ, ಕಾಗದಪತ್ರ ನಿಮ್ಮ ಹೆಸರಿಗೆ ಹೋಗಿದೆ, ನನ್ನ ಹೊಸ ಕಾರು ಬಂದು ನಿಂತಿದೆ ನೋಡಿ… ಅವರು ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಕೇಳಿದರು. ನನ್ನ ಮಾತು ಮುಗಿಯುವವರೆಗೆ ಕಾದು, ಆಮೇಲೆ ತಮ್ಮದನ್ನು ಹೇಳಿದರು.

ಮದುವೆಯಾದ ಎರಡನೆಯ ವರ್ಷ. ಅವರು ದೋಣಿಯ ಮೇಲೆ ಹೋಗಿದ್ದರು. ಹೆಂಡತಿಗೆ ಎಂಟು ತಿಂಗಳು. ಆದರೂ ಮೊದಲ ಬಸ್ಸಿಗೆ ಬುಟ್ಟಿ ಹೇರಿಕೊಂಡು ಸುಂಕಸಾಳಕ್ಕೆ ಹೋಗಿ ಮೀನು ಮಾರಿದ್ದರು. ತಿರುಗಿ ಬರುವ ಹೊತ್ತಿಗೆ ರಸ್ತೆಯ ಬದಿಯಲ್ಲೇ ಹೊಟ್ಟೆನೋವು ಶುರುವಾಯಿತು. ಬಸ್ಸಿನ ಸುಳಿವಿಲ್ಲ. ರಾಮನಗುಳಿಯ ಕಡೆಯಿಂದ ವಕೀಲರ ಗಾಡಿ ಬಂತು. ಕೈಯೆತ್ತಿದ್ದಕ್ಕೆ ನಿಂತಿತು. ಅಂಕೋಲೆಯ ಆಸ್ಪತ್ರೆಯವರೆಗೆ ಬಿಡಿ ಎಂದು ಕೇಳಿಕೊಂಡರು. ವಕೀಲರು ಬುಟ್ಟಿಯನ್ನು ನೋಡಿದರು, ಹಿಂದೆ ಬಸ್ಸು ಬರುತ್ತದೆ ಎಂದರು. ಗಾಡಿ ಹೊರಟುಹೋಯಿತು. ಬಸ್ಸು ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮರದ ನಾಟಾ ತುಂಬಿದ ಲಾರಿಯವನೊಬ್ಬ ಹತ್ತಿಸಿಕೊಂಡ. ಆಸ್ಪತ್ರೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಗಂಡು ಮಗು. ಜೀವ ಇರಲಿಲ್ಲ.

"ಮೂವತ್ತು ವರ್ಷ ನಂಗೆ ಹೇಳ್ಳಿಲ್ಲ ಅವ್ಳು. ಬಸ್ ಬರ್ಲಿಲ್ಲ ಅಂತ ಅಷ್ಟೇ ಹೇಳಿದ್ದ್ಲು. ಗಾಡಿ ತಂದು ಅಂಗಳದಲ್ಲಿ ನಿಲ್ಸ್ದೆ ನೋಡಿ… ಆವಾಗ ಹೇಳ್ದ್ಲು."

ಸುಂಕಸಾಳ ಎಂಬ ಹೆಸರು ಅವರ ಬಾಯಿಂದ ಬಂದಾಗಲೇ ಮುಂದಿನದು ನನಗೆ ಗೊತ್ತಾಗಿತ್ತು. ಯಾಕೆಂದರೆ ಆ ದಿನ ಗಾಡಿ ನಡೆಸುತ್ತಿದ್ದವನು ನಾನು.

ಆಗ ನಾನು ಕಾಲೇಜು ಮುಗಿಸಿದ್ದೆ. ಲೈಸೆನ್ಸ್ ಬಂದು ತಿಂಗಳಾಗಿತ್ತು. ಜಮೀನಿನ ತಕರಾರೊಂದರ ಜಾಗ ನೋಡಲು ಅಪ್ಪ ರಾಮನಗುಳಿಗೆ ಹೋಗಿದ್ದರು, ನಾನು ಹಟ ಮಾಡಿ ಸ್ಟಿಯರಿಂಗ್ ಹಿಡಿದಿದ್ದೆ. ಹಿಂದಿನ ವಾರವಷ್ಟೇ ಸೀಟುಗಳಿಗೆ ಹೊಸ ರೆಕ್ಸಿನ್ ಹಾಕಿಸಿದ್ದೆವು. ತಾಂಡೇಲರ ಹೆಂಡತಿ ಕಿಟಕಿಯ ಅಂಚು ಹಿಡಿದು ನಿಂತಿದ್ದರು. ಬುಟ್ಟಿಯಿಂದ ನೀರು ಸೋರುತ್ತಿತ್ತು. ಮುಖದ ತುಂಬ ಬೆವರು. ಏನು ನೋವು, ಎಷ್ಟು ತಿಂಗಳು ಎಂದು ಅಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಮ್ಮದು ದಿನವೂ ಮೀನು ತಿನ್ನುವ ಮನೆ… ಅಪ್ಪ ನನ್ನ ಕಡೆ ತಿರುಗಿ, ಹೊರಡು ಎಂದರು. ಅವರು ಕಿಟಕಿಯಿಂದ ಕೈ ತೆಗೆಯುವುದನ್ನು ಕಾದು, ನಾನು ಗೇರು ಹಾಕಿದೆ. ಕನ್ನಡಿಯಲ್ಲಿ ಅವರು ರಸ್ತೆಯ ಮೇಲೆ ಕುಳಿತುಕೊಳ್ಳುವುದು ಕಾಣಿಸಿತು. ಅಪ್ಪ, ಅವರು ಕೂತುಬಿಟ್ಟರು ಎಂದು ಹೇಳಬಹುದಾಗಿತ್ತು. ಮುಂದೆ ತಿರುವಿತ್ತು, ತಿರುಗಿಸಿದೆ.

ಅಪ್ಪ ಕೆಟ್ಟವರಾಗಿರಲಿಲ್ಲ ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಬಡವರ ಎಷ್ಟೋ ಕೇಸುಗಳನ್ನು ಸುಮ್ಮನೆ ನಡೆಸಿಕೊಟ್ಟವರು. ಆದರೆ ಆ ದಿನದ ಮಾತನ್ನು ಅವರು ಸಾಯುವವರೆಗೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೇಟಿನ ಹತ್ತಿರ ತಾಂಡೇಲರು ಇನ್ನೂ ನಿಂತಿದ್ದರು. ನನ್ನ ಮೇಲೆ ಸಿಟ್ಟು ಇರಲಿಲ್ಲ. ಅಪ್ಪ ಮಾಡಿದ್ದಕ್ಕೆ ಮಗ ಏನು ಮಾಡಿಯಾನು ಎಂಬ ಹಾಗೆ ನಿಂತಿದ್ದರು. ಆಮೇಲೆ ಒಂದು ಮಾತು ಕೇಳಿದರು.

"ಆ ದಿವ್ಸ ಗಾಡಿ ಹೊಡಿತಿದ್ದದ್ದು ನಿಮ್ಮನೆ ಡ್ರೈವರ್ ಅಂತೆ. ಅಂವ ಈಗ ಎಲ್ಲಿದ್ನ?"

ನಮ್ಮ ಮನೆಯಲ್ಲಿ ಯಾವತ್ತೂ ಡ್ರೈವರ್ ಇರಲಿಲ್ಲ. ಅಪ್ಪ ತಾವೇ ನಡೆಸುತ್ತಿದ್ದರು, ಆಮೇಲೆ ನಾನು. ಅದು ನಾನೇ ಎಂದು ಹೇಳಲು ಒಂದು ಗಳಿಗೆಯೂ ಬೇಕಿರಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ. ಡ್ರೈವರ್ ಒಬ್ಬ ಇದ್ದ, ಕೆಲಸ ಬಿಟ್ಟು ಕುಮಟೆಯ ಕಡೆ ಹೋದ, ಈಗ ಇದ್ದಾನೋ ಇಲ್ಲವೋ ಗೊತ್ತಿಲ್ಲ ಎಂದೆ. ಸ್ವಲ್ಪ ಕುಂಟುತ್ತಿದ್ದ ಎಂದೂ ಸೇರಿಸಿದೆ. ಯಾಕೆ ಸೇರಿಸಿದೆನೋ…

ಅವರು ತಲೆಯಾಡಿಸಿದರು. "ಅವ್ನದೆಂತ ತಪ್ಪು. ಹೊಟ್ಟೆಪಾಡಿಗೆ ಇದ್ದವ. ಒಡೆಯ ಹೋಗು ಅಂದ್ರೆ ಹೋಗೂಕೇ ಬೇಕು. ಪಾಪ, ಆವತ್ತು ನಿದ್ದೆ ಬಂದಿರೂದಿಲ್ಲ ಅವ್ನಿಗೆ."

ನನಗೆ ಆ ದಿನ ಚೆನ್ನಾಗಿ ನಿದ್ದೆ ಬಂದಿತ್ತು.

ಇಷ್ಟಾದ ಮೇಲೆಯೂ ನಾನು ಗಾಡಿಯನ್ನು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಅದು ದಿನವೂ ನನ್ನ ಕಣ್ಣೆದುರು ನಿಲ್ಲುತ್ತಿತ್ತು. ಹಣ ಹೊಂದಿಸುವುದು ಕಷ್ಟ, ಬೇಕಿದ್ದರೆ ಬೇರೆ ಗಿರಾಕಿ ಹುಡುಕಿಕೊಡುತ್ತೇನೆ ಎಂದು ಆಫೀಸಿನಲ್ಲಿ ಜನರನ್ನು ಸಾಗಹಾಕುವ ಧ್ವನಿಯಲ್ಲೇ ಹೇಳಿದೆ. ಬೇರೆಯವರಿಗೆ ಕೊಡುವುದು ಬೇಡ, ಅವರ ಮನೆಯಲ್ಲೂ ಹೆಂಗಸರು ಇರುತ್ತಾರೆ ಎಂದು ಅವರು ಅಂದರು. ಮತ್ತೆ ಒತ್ತಾಯಿಸಲಿಲ್ಲ. ಗಾಡಿ ತಿರುಗಿಸಿಕೊಂಡು, ಹೆದ್ದಾರಿ ಸೇರುವಲ್ಲಿ ಕಿಟಕಿಯಿಂದ ಕೈ ಹೊರಗೆ ಚಾಚಿ ಸನ್ನೆ ಮಾಡಿ, ನಿಧಾನವಾಗಿ ಹೋದರು.

ಅದನ್ನು ಅವರು ಮತ್ತೆ ಮನೆಯ ಅಂಗಳಕ್ಕೆ ಒಯ್ಯಲಿಲ್ಲವಂತೆ. ದಂಡೆಯಲ್ಲಿ ಬಲೆ ಇಡುವ ಚಪ್ಪರದ ಹಿಂದೆ ನಿಲ್ಲಿಸಿದ್ದರು. ಎರಡು ಮಳೆಗಾಲ ಕಳೆಯುವುದರೊಳಗೆ ಉಪ್ಪುಗಾಳಿ ಅದರ ನೆಲವನ್ನು ತಿಂದುಹಾಕಿತು. ಮೂರನೆಯ ವರ್ಷ ಗುಜರಿಯವರು ಬಂದು ಅಲ್ಲಿಯೇ ಕತ್ತರಿಸಿ ಒಯ್ದರು. ಇದನ್ನೆಲ್ಲ ನಮ್ಮ ಜವಾನ ಚಹಾ ತಂದಿಡುತ್ತ ಹೇಳುತ್ತಿದ್ದ. ನಾನು ಫೈಲು ನೋಡುತ್ತ ಕೇಳಿಸಿಕೊಳ್ಳುತ್ತಿದ್ದೆ. ಅಂಕೋಲೆಗೆ ಹೋದರೂ ಕೇಣಿಯ ರಸ್ತೆಗೆ ತಿರುಗುವುದನ್ನು ಬಿಟ್ಟಿದ್ದೆ.

ಒಮ್ಮೆ ಮಾತ್ರ ಕಾರವಾರದ ಮೀನು ಪೇಟೆಯಲ್ಲಿ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಚೊಲೋ ಇದ್ರಾ ಎಂದು ಅವರೇ ಮೊದಲು ಮಾತಾಡಿಸಿದರು. ಪರಿಚಯದ ಹೆಂಗಸಿನ ಬುಟ್ಟಿಯಿಂದ ಒಳ್ಳೆಯ ಇಸೋಣ ಆರಿಸಿ ಕೊಡಿಸಿದರು. ಹೋಗುವಾಗ, ಕುಮಟೆಯ ಆ ಡ್ರೈವರನ ಸುದ್ದಿ ಏನಾದರೂ ತಿಳಿಯಿತೇ ಎಂದು ಕೇಳಿದರು. ಇಲ್ಲ ಎಂದೆ. ಆ ಮೀನನ್ನು ಪಕ್ಕದ ಮನೆಗೆ ಕೊಟ್ಟೆ.

ಕಳೆದ ವರ್ಷ, ನಾನು ನಿವೃತ್ತನಾದ ಮೇಲೆ, ಜವಾನನೇ ಫೋನ್ ಮಾಡಿ ತಾಂಡೇಲರು ಹೋದರು ಎಂದ. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲವಂತೆ. ಆ ದಿನ ಹೋಗಲಿಲ್ಲ. ಹನ್ನೆರಡನೆಯ ದಿನವೂ ಹೋಗಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಎಲ್ಲಿಗೆಂದು ಮನೆಯಲ್ಲಿ ಹೇಳದೆ, ಬಸ್ಸು ಹತ್ತಿ ಅಂಕೋಲೆಗೆ ಹೋಗಿ ಅಲ್ಲಿಂದ ಕೇಣಿಗೆ ನಡೆದೆ.

ಅವರ ಹೆಂಡತಿ ದಂಡೆಯಲ್ಲಿ ಒಣಗಲು ಹಾಕಿದ ಮೀನನ್ನು ಮಗುಚುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರು ಕೈ ಒರೆಸಿಕೊಂಡು, ಮಗುಚಿ ಹಾಕಿದ್ದ ದೋಣಿಯ ನೆರಳು ತೋರಿಸಿ, ಕೂತ್ಕಣಿ ಎಂದರು. ನಾನು ಕುಳಿತುಕೊಳ್ಳದೆ ಎಲ್ಲವನ್ನೂ ಹೇಳಿದೆ. ಡ್ರೈವರ್ ಎಂಬವನು ಇರಲೇ ಇಲ್ಲ, ಆ ದಿನ ನಡೆಸುತ್ತಿದ್ದವನು ನಾನೇ, ನಿಮ್ಮ ಯಜಮಾನರು ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಕ್ಷಮಿಸಿ ಎಂದು ಕೇಳಿಕೊಂಡೆ.

ಅವರು ಸಮುದ್ರದ ಕಡೆ ನೋಡುತ್ತಿದ್ದರು.

"ನಂಗೆ ಗೊತ್ತಿತ್ತು," ಎಂದರು. "ವಕೀಲ್ರ ಮಗನ್ನ ಯಾರಿಗೆ ಗೊತ್ತಿರ್ಲಿಲ್ಲ ಊರಲ್ಲಿ. ಅವ್ರಿಗೆ ಡ್ರೈವರ್ ಅಂತ ಹೇಳ್ದವ್ಳು ನಾನೇ. ಗಾಡಿ ಕೊಟ್ಟವ್ನೇ ಅಂವ ಅಂತ ತಿಳಿದ್ರೆ ಸಿಟ್ಟಲ್ಲಿ ಎಂತ ಮಾಡ್ಕಂತ್ರೋ ಅಂತ ಹೆದ್ರಿಕೆ ಆಯ್ತು. ಡ್ರೈವರ್ ಅಲ್ಲ, ಅದು ನಾನು ಅಂತ ನೀವೇ ಹೇಳ್ತ್ರಿ, ಆವಾಗ ಅವ್ರೂ ತಡ್ಕಂತ್ರು ಅಂದ್ಕಂಡಿದ್ದೆ."

ಅವರು ಬಗ್ಗಿ ಮತ್ತೆ ಮೀನು ಮಗುಚತೊಡಗಿದರು. ಕೈ ನಿಲ್ಲಿಸದೆಯೇ ಇನ್ನೊಂದು ವಿಷಯ ಹೇಳಿದರು. ತಾಂಡೇಲರು ಎರಡು ಸಲ ಕುಮಟೆಗೆ ಹೋಗಿದ್ದರಂತೆ. ವಕೀಲರ ಹತ್ತಿರ ಇದ್ದ ಕುಂಟು ಡ್ರೈವರನ ಮನೆ ಯಾವುದು ಎಂದು ಬಸ್‌ಸ್ಟ್ಯಾಂಡಿನಲ್ಲಿ, ಟ್ಯಾಕ್ಸಿಯವರಲ್ಲಿ ಕೇಳುತ್ತ ತಿರುಗಿದ್ದರಂತೆ. ನಮಗೆ ನಿನ್ನ ಮೇಲೆ ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಅವನಿಗೆ ಹೇಳಿ ಬರಬೇಕಾಗಿತ್ತು ಅವರಿಗೆ. ಬೇಡ, ಸಿಗುವುದಿಲ್ಲ ಎಂದು ಹೆಂಡತಿ ಹೇಳಿದರೂ ಕೇಳಿರಲಿಲ್ಲ. ಎರಡನೆಯ ಸಲ ಹೋಗಿ ಬಂದಾಗ ಬಹಳ ಸೋತಿದ್ದರಂತೆ.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಅದನ್ನು ಮತ್ತೆ ಕೇಳಲಿಲ್ಲ. ಬಿಸಿಲೇರುವ ಮೊದಲು ಹೋಗಿ ಎಂದು ಮಾತ್ರ ಅಂದರು.

ಈಗ ಹೊತ್ತು ಹೋಗದ ಮಧ್ಯಾಹ್ನಗಳಲ್ಲಿ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಅಂಗಿಯ ಆ ಎತ್ತರದ ಮನುಷ್ಯ ಯಾರ್ಯಾರನ್ನೋ ನಿಲ್ಲಿಸಿ ಕೇಳುತ್ತಿರುವುದು ನನಗೆ ಕಾಣಿಸುತ್ತದೆ. ಅವರು ಹುಡುಕುತ್ತಿದ್ದವನು ಶಿರವಾಡದ ಮನೆಯಲ್ಲಿ ಊಟ ಮುಗಿಸಿ ಮಲಗಿದ್ದ. ಆ ದಿನ ಗಾಡಿ ನಡೆಸುತ್ತಿದ್ದವನು ನಾನು. ಇಷ್ಟೇ ಹೇಳಬೇಕಾಗಿತ್ತು. ಆಮೇಲೆ ಅವರು ಏಳು ವರ್ಷ ಬದುಕಿದ್ದರು.