ಓದಲಾಗದ ನೋಟೀಸು

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಆಗ ನಾನು ಕಾರ್ಗಲ್‌ನ ನೌಕರಿಯಿಂದ ನಿವೃತ್ತನಾಗಿ, ಸಾಗರದಲ್ಲಿದ್ದುಕೊಂಡು ಸುತ್ತಲಿನ ಶಾಲಾ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹೊಸನಗರದ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕು ಹಳೆಯ ಯಂತ್ರಗಳಿದ್ದವು. ಹೊಸ ವಿಂಡೋಸ್ ಹಾಕುವಷ್ಟು ಶಕ್ತಿ ಅವಕ್ಕಿರಲಿಲ್ಲ. ಅದರ ಬದಲು ಉಚಿತವಾಗಿ ಸಿಗುವ, ಹಳೆಯ ಯಂತ್ರದಲ್ಲೂ ಓಡುವ ಲಿನಕ್ಸ್ ಹಾಕೋಣ ಎಂದವನು ನಾನೇ.

ಶಾಲೆಯ ಕಾರ್ಯದರ್ಶಿಗೆ ಒಂದು ಪುಟದ ಹೋಲಿಕೆಯನ್ನೂ ಬರೆದುಕೊಟ್ಟಿದ್ದೆ. ಯಾವುದು ಬೇಗ ಶುರುವಾಗುತ್ತದೆ, ಯಾವುದಕ್ಕೆ ವೈರಸ್ ಕಾಟ ಕಡಿಮೆ, ಯಾವುದರಲ್ಲಿ ಪ್ರಿಂಟರ್ ಸಲೀಸು. ಎಲ್ಲವನ್ನೂ ಪರೀಕ್ಷಿಸಿದ್ದೆ. ಪರೀಕ್ಷಿಸಿದ ಕಡತಗಳೆಲ್ಲ ಇಂಗ್ಲಿಷಿನವು. ಕನ್ನಡದ ಒಂದು ಕಡತವನ್ನೂ ತೆರೆದು ನೋಡಿರಲಿಲ್ಲ.

ಶನಿವಾರ ಟೈಪಿಸ್ಟ್ ಸುಜಾತಾ ನಾನು ಹೇಳಿದಂತೆ ತಮ್ಮ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಟ್ಟರು. ನಾನು ಡಿಸ್ಕ್ ಅಳಿಸಿ, ಲಿನಕ್ಸ್ ಹಾಕಿ, ಕಡತಗಳನ್ನು ಮರಳಿ ತುಂಬಿ ಊರಿಗೆ ಬಂದೆ. ಆಕೆ ಅಲ್ಲಿ ಹನ್ನೊಂದು ವರ್ಷದಿಂದ ಗುತ್ತಿಗೆಯಲ್ಲಿದ್ದವರು. ಆ ತಿಂಗಳೇ ಗುತ್ತಿಗೆ ನವೀಕರಣವಾಗಬೇಕಿತ್ತು.

ಮಂಗಳವಾರ ಕರೆ ಬಂತು. ಹೋಗಿ ನೋಡಿದರೆ, ಪರದೆಯ ಮೇಲೆ 'ಕನ್ನಡ' ಎಂದಿರಬೇಕಾದ ಜಾಗದಲ್ಲಿ 'PÀ£ÀßqÀ' ಎಂದಿತ್ತು. ವ್ಯಾಸಂಗ ಪ್ರಮಾಣಪತ್ರ, ಸಭೆಯ ನಡಾವಳಿ, ಎಲ್ಲವೂ ಹೀಗೆಯೇ.

"ಎಂತ ಮಾಡಿಟ್ಟಿದಾಳೆ ನೋಡಿ ಸಾರ್! ಹನ್ನೊಂದು ವರ್ಷದ ದಾಖಲೆ ಚೀನಾಕ್ಕೆ ಹೋಯ್ತು," ಎಂದರು ಕಾರ್ಯದರ್ಶಿ. ಹಿಂದಿನ ಸಂಜೆ ಮನೆಯಿಂದಲೇ ಆಕೆಗೆ ವಾಟ್ಸಾಪ್‌ನಲ್ಲಿ ನೋಟೀಸು ಕಳಿಸಿದ್ದರಂತೆ: ದಾಖಲೆ ನಾಶ ಮಾಡಿದ್ದಕ್ಕೆ ಕೆಲಸದಿಂದ ಯಾಕೆ ತೆಗೆಯಬಾರದು?

"ನಾನು ಕಾಪಿ ಮಾಡಿದ್ದಷ್ಟೇ ಸಾರ್," ಎಂದರು ಸುಜಾತಾ.

ನನಗೆ ಕಾರಣ ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಕಡೆಯ ಕಚೇರಿಗಳಲ್ಲಿ ಇಂದಿಗೂ ಅನೇಕರು ಹಳೆಯ ಕನ್ನಡ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಅದರಲ್ಲಿ ಕಡತದೊಳಗೆ ಕೂರುವುದು ಪರಭಾಷೆಯ ಚಿಹ್ನೆಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಚಿಹ್ನೆಗಳೇ ಕಾಣುತ್ತವೆ. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಈ ತೊಂದರೆಯಿಲ್ಲ, ಅಲ್ಲಿ 'ಕ'ಗೆ ಎಲ್ಲ ಕಡೆಯೂ ಒಂದೇ ಸಂಖ್ಯೆ. ಕಡತ ತಂದವನು ನಾನು, ಫಾಂಟ್ ಬಿಟ್ಟುಬಂದವನೂ ನಾನು.

"ತಪ್ಪು ನನ್ನದು. ಅಕ್ಷರ ಯಾವುದೂ ಹೋಗಿಲ್ಲ," ಎಂದೆ.

"ನೀವು ದೊಡ್ಡವರು, ಅವಳನ್ನ ಉಳಿಸೋಕೆ ಹೇಳ್ತೀರಿ. ನನ್ನ ಲ್ಯಾಪ್‌ಟಾಪಲ್ಲಿ ವಿಂಡೋಸ್ ಇದೆ, ಒಂದಕ್ಷರ ಆಚೀಚೆ ಆಗಲ್ಲ."

ಸುಜಾತಾ ತಮ್ಮ ಮೊಬೈಲ್ ತೆರೆದು ಮೇಜಿನ ಮೇಲಿಟ್ಟರು. ಕಾರ್ಯದರ್ಶಿಯ ನೋಟೀಸು. ಅದೇ ಹಳೆಯ ಫಾಂಟಿನ ವರ್ಡ್ ಕಡತ. ಮೊದಲ ಸಾಲಿನಿಂದ ಕೊನೆಯವರೆಗೆ PÀ, £À, qÀ.

"ನಿನ್ನೆಯಿಂದ ಓದ್ಲಿಕ್ಕೆ ನೋಡ್ತಿದೀನಿ ಸಾರ್. ಎಂತ ಬರ್ದಿದೀರಿ ಅಂತ ಇಲ್ಲಿಗೆ ಬಂದ ಮೇಲೆ ನಿಮ್ಮ ಬಾಯಲ್ಲೇ ಕೇಳಿದ್ದು. ಇದನ್ನೂ ನಾನೇ ಹಾಳು ಮಾಡಿದ್ನಾ?"

ಕಾರ್ಯದರ್ಶಿ ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಲ್ಯಾಪ್‌ಟಾಪಿನಿಂದ ಆ ಫಾಂಟನ್ನು ತಂದು ಲಿನಕ್ಸ್‌ಗೆ ಹಾಕಿದೆ. ಐದು ನಿಮಿಷ ಹಿಡಿಯಲಿಲ್ಲ. ಹನ್ನೊಂದು ವರ್ಷದ ದಾಖಲೆ ಅಷ್ಟೂ ಕನ್ನಡದಲ್ಲಿ ಎದ್ದು ನಿಂತಿತು.

"ಆಯ್ತು ಬಿಡಮ್ಮ, ಮರ್ತುಬಿಡು," ಎಂದರು ಕಾರ್ಯದರ್ಶಿ.

"ಬರ್ದು ಕೊಡಿ ಸಾರ್. ಗುತ್ತಿಗೆ ಫೈಲಲ್ಲಿ ಆ ನೋಟೀಸು ಇರುತ್ತೆ."

"ಹಾಗಾದ್ರೆ ನೀನೇ ಟೈಪ್ ಮಾಡು ಮಾರಾಯ್ತಿ, ಸಹಿ ಹಾಕ್ತೀನಿ."

ತಮ್ಮ ಮೇಲಿನ ಆರೋಪ ಹಿಂತೆಗೆದ ಪತ್ರವನ್ನು ಸುಜಾತಾ ತಾವೇ ಟೈಪ್ ಮಾಡಬೇಕಾಯಿತು. ನಾನು ಯೂನಿಕೋಡ್ ಕೀಲಿಮಣೆ ಹಾಕಿಕೊಟ್ಟೆ. ಕೀಲಿಗಳ ಜಾಗ ಬಹುತೇಕ ಅದೇ ಆದ್ದರಿಂದ ಆಕೆಯ ಬೆರಳು ಎಲ್ಲೂ ತಡವರಿಸಲಿಲ್ಲ. 'ವಿಷಾದಿಸುತ್ತೇನೆ' ಎಂಬಲ್ಲಿ ಕಾರ್ಯದರ್ಶಿ ಬೆರಳಿಟ್ಟು, "ಅದೊಂದು ತೆಗಿ," ಎಂದರು. ಸುಜಾತಾ ತೆಗೆದರು. ಸಹಿ ಬಿತ್ತು, ತಿಂಗಳ ಕೊನೆಗೆ ಗುತ್ತಿಗೆಯೂ ನವೀಕರಣವಾಯಿತು. ತಪ್ಪು ನನ್ನದೆಂದು ನಾನು ಬರೆದುಕೊಟ್ಟ ಕಾಗದವನ್ನು ಮಾತ್ರ ಕಾರ್ಯದರ್ಶಿ ಫೈಲಿಗೆ ಸೇರಿಸಲಿಲ್ಲ, "ನಿಮಗ್ಯಾಕೆ ಸಾರ್ ಇದೆಲ್ಲ" ಎಂದು ಹಿಂದಿರುಗಿಸಿದರು. ತಪ್ಪು ಮಾಡಿದವನಿಗೆ ಮರ್ಯಾದೆ, ಮಾಡದವರಿಗೆ ನೋಟೀಸು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಲಿನಕ್ಸ್ ಸುಲಭವೋ ವಿಂಡೋಸ್ ಸುಲಭವೋ ಎಂದು ತೀರ್ಥಹಳ್ಳಿಯಿಂದಲೂ ಫೋನು ಬರುತ್ತದೆ. ಈಗ ನಾನು ಹೋಲಿಕೆಯ ಪುಟ ಬರೆದುಕೊಡುವುದಿಲ್ಲ. ದಿನವೂ ಆ ಕುರ್ಚಿಯಲ್ಲಿ ಕೂರುವವರನ್ನೇ ಕೂರಿಸಿ, ಅವರದೇ ಹಳೆಯ ಕಡತ ತೆರೆಸಿ, ಒಂದು ಪ್ರಮಾಣಪತ್ರ ಸರಿಯಾಗಿ ಪ್ರಿಂಟ್ ಆಗುವವರೆಗೆ ಪಕ್ಕದಲ್ಲಿ ನಿಲ್ಲುತ್ತೇನೆ. ಡಿಸ್ಕ್ ಅಳಿಸುವುದು ಆಮೇಲೆ, ಅವರು ಹೂಂ ಎಂದ ಮೇಲೆ.